ವಿಯೆನ್ನಾದಲ್ಲಿ ಬಿಟಿಎಂನ ಮಳೆ

ಭಾನುವಾರ

ಭಾನುವಾರದ ದಿನ ವಿಯೆನ್ನಾಕ್ಕೆ ಹೋಗಿ ಇಳಿಯಬಾರದು ಎಂದು ನಮಗೆ ಯಾರೂ ಹೇಳಿರಲಿಲ್ಲ. ವಿಮಾನ ನಿಲ್ದಾಣದಿಂದ ರೈಲು ಹಿಡಿದು ಬಂದು, ನಮಗಾಗಿ ಗೊತ್ತುಮಾಡಿದ್ದ ಪುಟ್ಟ ಮನೆಯ ಬೀಗ ತೆಗೆದು, ಮುಖ ತೊಳೆದು, ಒಂದಿಷ್ಟು ಹಾಲು ತರೋಣವೆಂದು ಕೆಳಗಿಳಿದರೆ ಬೀದಿಗೆ ಬೀದಿಯೇ ಮುಚ್ಚಿತ್ತು. ದಿನಸಿ ಅಂಗಡಿ ಇಲ್ಲ, ತರಕಾರಿ ಅಂಗಡಿ ಇಲ್ಲ, ಚಪ್ಪಲಿ ಅಂಗಡಿಯೂ ಇಲ್ಲ. ಸುಮಿತ್ರಾ ಆ ಕಡೆ ಈ ಕಡೆ ನೋಡಿ ಗಾಬರಿಯಾದಳು.

"ಯಾರಾದ್ರೂ ದೊಡ್ಡವ್ರು ಹೋಗ್ಬಿಟ್ರಾ ಅಕ್ಕ? ಬಂದ್ ಏನಾದ್ರೂ ಇದ್ಯಾ?"

ಬಂದ್ ಅಲ್ಲ, ಭಾನುವಾರ. ಆ ಊರಿನಲ್ಲಿ ಭಾನುವಾರ ಎಂದರೆ ಅಂಗಡಿಯವರಿಗೂ ಭಾನುವಾರವೇ. ಜಯನಗರದ ಕಾಂಪ್ಲೆಕ್ಸಿನಲ್ಲಿ ಭಾನುವಾರ ಸಂಜೆ ಕಾಲಿಡಲು ಜಾಗ ಇಲ್ಲದ್ದನ್ನು ಕಂಡ ನಮಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮನೆಯಿಂದ ಕಟ್ಟಿಕೊಂಡು ಬಂದಿದ್ದ ಚಪಾತಿ, ಚಟ್ನಿಪುಡಿ ತಿಂದೆವು. ಕಾಫಿಗೆ ಮಾತ್ರ ಮೋಸವಾಗಲಿಲ್ಲ. ಮೂಲೆಯ ಕಾಫಿ ಮನೆ ತೆರೆದಿತ್ತು.

ಇಲ್ಲಿ ಸುಮಿತ್ರಾ ಯಾರು, ನಾನು ಯಾರು, ಇಬ್ಬರೂ ಅಲ್ಲಿಗೆ ಯಾಕೆ ಹೋದೆವು ಎಂದು ಹೇಳಿಬಿಡುತ್ತೇನೆ. ಸುಮಿತ್ರಾ ಬಿಟಿಎಂ ಲೇಔಟಿನವಳು. ಲೇಔಟು ಆಗುವ ಮೊದಲು ಅಲ್ಲಿದ್ದ ಹಳ್ಳಿಯ ಬೇಸಾಯಗಾರರ ಮನೆಯ ಮಗಳು. ಅವರಪ್ಪ ರಾಗಿ ಬಿತ್ತುತ್ತಿದ್ದ ಜಾಗದಲ್ಲಿ ಈಗ ಕೆಲಸಕ್ಕೆ ಹೋಗುವ ಹುಡುಗಿಯರಿಗೆ ಬಾಡಿಗೆಗೆ ಕೊಡುವ ಅವಳ ನಾಲ್ಕು ಮಹಡಿಯ ಪಿಜಿ ನಿಂತಿದೆ, ಕೆಳಮಹಡಿಯಲ್ಲಿ ಅವಳ ಮನೆ. ನಾನು ಜೆಪಿ ನಗರದವಳು. ಜಯನಗರದ ಒಂದು ಶಾಲೆಯಲ್ಲಿ ಇಪ್ಪತ್ತೈದು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತಿಯಾದವಳು. ವಿಯೆನ್ನಾದ ಒಂದು ಸಂಶೋಧನಾ ತಂಡದವರು ನಮ್ಮ ದಕ್ಷಿಣ ಬೆಂಗಳೂರನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವ ಕೆಲಸಕ್ಕೆ ಕೈಹಾಕಿದ್ದರು. ಅವರಿಗೆ ಬೀದಿಯಲ್ಲಿ ನಿಂತು ಜನರನ್ನು ಎಣಿಸುವವರು ಬೇಕಾಗಿತ್ತು. ಹಳೆಯ ವಿದ್ಯಾರ್ಥಿನಿಯೊಬ್ಬಳ ಮೂಲಕ ಅದು ನನ್ನ ಬಳಿ ಬಂತು. ನಾನು ಪರಿಚಯದ ಹೆಂಗಸರನ್ನು ಸೇರಿಸಿ ತಂಡ ಮಾಡಿದೆ. ಬನಶಂಕರಿಯಿಂದ ಮಡಿವಾಳದವರೆಗೆ ಜಂಕ್ಷನ್‌ಗಳಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತು, ರಸ್ತೆ ದಾಟುವವರನ್ನು ಹಾಳೆಯ ಮೇಲೆ ಗೀಟು ಎಳೆದು ಎಣಿಸಿದೆವು. ನಾಲ್ಕು ಗೀಟು ಉದ್ದ, ಐದನೆಯದು ಅಡ್ಡ. ಕೆಲಸ ಮುಗಿದು ಕೆಲವು ತಿಂಗಳಿಗೆ ತಂಡದ ಮುಖ್ಯಸ್ಥೆ ಇಂಗ್ರಿಡ್ ಅವರಿಂದ ಆಹ್ವಾನ ಬಂತು: ಎಣಿಸಿದವರೂ ಮಾದರಿ ಕಟ್ಟಿದವರೂ ಒಟ್ಟಿಗೆ ಕೂತು ಮಾತಾಡೋಣ, ಇಬ್ಬರು ಬನ್ನಿ.

"ಮಾಡೆಲ್ ಮಾಡಕ್ಕೆ ಫಾರಿನ್‌ಗೆ ಹೋಗ್ತಿದ್ದೀವಿ ಅಂದೆ. ನಮ್ ಬೀದೀಲಿ ಎಲ್ಲಾ ನನ್ನ ಮೇಲಿಂದ ಕೆಳಗೆ ನೋಡಿದ್ರು" ಎಂದು ಸುಮಿತ್ರಾ ವಿಮಾನದುದ್ದಕ್ಕೂ ನಗುತ್ತಿದ್ದಳು.

ನಾನು ಅಷ್ಟೊಂದು ನಗುತ್ತಿರಲಿಲ್ಲ. ಕಾಫಿ ಮನೆಯಲ್ಲಿ ಕರಿಕೋಟಿನ ಮನುಷ್ಯ ಬೆಳ್ಳಗೆ ಹೊಳೆಯುವ ಚಿಕ್ಕ ತಟ್ಟೆಯಲ್ಲಿ ಕಾಫಿ, ಅದರ ಪಕ್ಕಕ್ಕೆ ಒಂದು ಲೋಟ ನೀರು ತಂದಿಟ್ಟು ಹೋದ. ಎರಡು ಗಂಟೆ ಕೂತೆವು. ಏಳಿ ಎನ್ನುವಂತೆ ಯಾರೂ ನೋಡಲಿಲ್ಲ.

"ನಮ್ಮಲ್ಲಾಗಿದ್ರೆ ಇಷ್ಟೊತ್ತಿಗೆ ಮೂರು ಸಲ ಟೇಬಲ್ ಒರೆಸಿರೋರು" ಎಂದಳು ಸುಮಿತ್ರಾ. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ಅಕ್ಕ, ಇನ್ನೂ ಅದೇ ಯೋಚ್ನೆನಾ? ಒಂದು ದಿನದ ಹಾಳೆ ಅದು. ಬಾಯಿ ಬಿಡಬೇಡಿ. ನಾಲ್ಕು ದಿನ ಇದ್ದು, ಊರು ನೋಡ್ಕೊಂಡು ಹೋಗೋಣ."

ಆ ಒಂದು ದಿನದ ಹಾಳೆ

ಮಳೆಗಾಲದ ಒಂದು ಗುರುವಾರ. ಬಿಟಿಎಂ ಮತ್ತು ಮಡಿವಾಳದ ನಡುವಿನ ದೊಡ್ಡ ರಸ್ತೆಯಲ್ಲಿ ಡಿವೈಡರ್ ನಡುವೆ ಒಂದು ಕಡೆ ಮಾತ್ರ ಜನ ದಾಟುವಷ್ಟು ಜಾಗ ಬಿಟ್ಟಿದ್ದಾರೆ. ಎಲ್ಲರೂ ಅದನ್ನು ಗ್ಯಾಪ್ ಎನ್ನುತ್ತಾರೆ. ಸಂಜೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿ ಬಿಟ್ಟ ಹೆಂಗಸರು ಬಸ್ಸಿಳಿದು ಮಡಿವಾಳ ಮಾರ್ಕೆಟ್ಟಿನ ಕಡೆ ಬರಲು ಎರಡು ದಾರಿ: ಒಂದು ಈ ಗ್ಯಾಪ್, ಇನ್ನೊಂದು ಸ್ವಲ್ಪ ಮುಂದೆ ಇಳಿಜಾರಿನಲ್ಲಿರುವ ಸಿಗ್ನಲ್. ಗ್ಯಾಪ್‌ನಿಂದಾಗಿ ವಾಹನಗಳು ನಿಲ್ಲುತ್ತವೆ, ಅದನ್ನು ಮುಚ್ಚಬೇಕು ಎಂಬ ಮಾತು ಪಾಲಿಕೆಯಲ್ಲಿ ನಡೆದಿತ್ತು. ಎಷ್ಟು ಜನ ಅಲ್ಲಿ ದಾಟುತ್ತಾರೆ ಎಂಬ ವಿಯೆನ್ನಾದವರ ವರದಿ ನೋಡಿಯೇ ತೀರ್ಮಾನಿಸುವುದಾಗಿತ್ತು.

ಆ ಸಂಜೆ ನಾನೂ ಸುಮಿತ್ರಾಳೂ ಅಲ್ಲಿ ಎಣಿಸುತ್ತಿದ್ದೆವು. ಐದು ಗಂಟೆಗೆ ಮಳೆ ಸುರಿಯಿತು. ಓಡಿಹೋಗಿ ಪಕ್ಕದ ರಸ್ತೆಯ ಬೇಕರಿಯಲ್ಲಿ ನಿಂತೆವು. ಚಹಾ ಕುಡಿದೆವು, ಬನ್ ತಿಂದೆವು, ಅವಳ ಪಿಜಿಯ ಹುಡುಗಿಯರ ಕಥೆಗಳನ್ನೆಲ್ಲ ಹೇಳಿಕೊಂಡು ನಕ್ಕೆವು. ಒಂದೂವರೆ ಗಂಟೆ ಕಳೆಯಿತು. ಈ ಮಳೆಯಲ್ಲಿ ಯಾರು ತಾನೇ ದಾಟುತ್ತಾರೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಮಳೆಯಿಲ್ಲದ ಬುಧವಾರದ ಗೀಟುಗಳನ್ನು ನೋಡಿ, ಅದರಲ್ಲಿ ಮೂರನೇ ಒಂದು ಭಾಗದಷ್ಟು ಎಳೆದೆ. ಪಕ್ಕದವಳ ಉತ್ತರ ನೋಡಿ ಬರೆದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನಾನು!

ಎರಡು ತಿಂಗಳಾದ ಮೇಲೆ ಸುಮಿತ್ರಾಳ ಮನೆಯಿಂದ ವಾಪಸು ಬರುವಾಗ ಅದೇ ಜಾಗದಲ್ಲಿ ಮಳೆಗೆ ಸಿಕ್ಕಿಕೊಂಡೆ. ಆಗ ಕಂಡೆ. ಇಳಿಜಾರಿನ ಸಿಗ್ನಲ್ ಬಳಿ ಮಳೆನೀರಿನ ರಾಜಕಾಲುವೆ ತುಂಬಿ ಮೊಣಕಾಲುದ್ದ ನೀರು. ಆ ಕಡೆಗೆ ಹೋಗುತ್ತಿದ್ದವರೆಲ್ಲ ಗ್ಯಾಪ್ ಕಡೆ ತಿರುಗಿದ್ದರು. ಮಳೆಯಲ್ಲಿ ಅಲ್ಲಿ ಜನ ಕಡಿಮೆಯಾಗುವುದಿಲ್ಲ, ದುಪ್ಪಟ್ಟಾಗುತ್ತಾರೆ. ತಲೆಯ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು, ಸೀರೆ ಎತ್ತಿ ಹಿಡಿದು, ಗುಂಪು ಗುಂಪಾಗಿ ದಾಟುತ್ತಿದ್ದರು. ಊಟದ ಬ್ಯಾಗ್ ಹಿಡಿದಿದ್ದ ಒಬ್ಬ ಹೆಂಗಸು ನನ್ನ ಗುರುತು ಹಿಡಿದಳು.

"ಅಕ್ಕ, ನೀವಲ್ವಾ ಅವತ್ತು ಸ್ಟೂಲ್ ಹಾಕ್ಕೊಂಡು ಎಣಿಸ್ತಾ ಇದ್ದಿದ್ದು? ನಮ್ಮನ್ನೂ ಸೇರಿಸ್ಕೊಂಡ್ರಾ?"

"ಹೂಂ ಕಣಮ್ಮ" ಎಂದೆ.

ಅಷ್ಟರಲ್ಲಿ ಹಾಳೆಗಳು ವಿಯೆನ್ನಾ ತಲುಪಿಯಾಗಿತ್ತು. ಆಮೇಲೆ ಆಹ್ವಾನ ಬಂತು. ನಮ್ಮ ಅಪಾರ್ಟ್‌ಮೆಂಟಿನವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಮ್ಮ ಹೆಮ್ಮೆ ಎಂದು ಮೈಕಿನಲ್ಲಿ ಹೇಳಿದರು. ಹೇಳಬೇಕಾದ ಮಾತು ಪ್ರತಿ ವಾರ ಇನ್ನಷ್ಟು ಕಷ್ಟವಾಗುತ್ತಾ ಹೋಯಿತು.

ಸೋಮವಾರ

ಬೆಳಿಗ್ಗೆ ಟ್ರಾಮ್ ನಿಲ್ದಾಣಕ್ಕೆ ಹೋಗುವಾಗ ಒಂದು ರಸ್ತೆ ದಾಟಬೇಕಿತ್ತು. ಎಡಕ್ಕೂ ಬಲಕ್ಕೂ ಕಣ್ಣು ಹಾಯುವವರೆಗೆ ಒಂದು ಸೈಕಲ್ಲೂ ಇಲ್ಲ. ಆದರೂ ಏಳೆಂಟು ಜನ ಕೆಂಪು ದೀಪ ನೋಡಿಕೊಂಡು ನಿಂತಿದ್ದರು. ಸುಮಿತ್ರಾ ಸೀರೆಯ ನೆರಿಗೆ ಹಿಡಿದು ನಡೆದೇಬಿಟ್ಟಳು. ಹಿಂದಿನಿಂದ ಒಬ್ಬ ಅಜ್ಜಿ ಜೋರಾಗಿ ಏನೋ ಕೂಗಿದರು. ಅವರು ಬೆರಳು ತೋರಿಸುತ್ತಿದ್ದದ್ದು ಸುಮಿತ್ರಾಳ ಕಡೆಗಲ್ಲ, ಪಕ್ಕದಲ್ಲಿ ಅಮ್ಮನ ಕೈಹಿಡಿದು ನಿಂತಿದ್ದ ಮಗುವಿನ ಕಡೆಗೆ. ಮಗು ನೋಡುತ್ತಿದೆ, ಹೀಗೆ ಮಾಡಬಹುದೇ ಎಂದು. ಭಾಷೆ ಬರದಿದ್ದರೂ ಬೈಗುಳ ಸಂಪೂರ್ಣ ಅರ್ಥವಾಯಿತು. ಸುಮಿತ್ರಾ ರಸ್ತೆಯ ಮಧ್ಯದಿಂದ ಹಿಂದಕ್ಕೆ ಬಂದು, ಅಜ್ಜಿಗೆ ಕೈಮುಗಿದು, ಹಸಿರು ದೀಪ ಬರುವವರೆಗೂ ಪಕ್ಕದಲ್ಲೇ ನಿಂತಳು. ದಾಟುವಾಗ ಅಜ್ಜಿ ಅವಳ ತೋಳು ಹಿಡಿದುಕೊಂಡರು.

ಸಂಸ್ಥೆಯಲ್ಲಿ ಇಂಗ್ರಿಡ್ ನಮ್ಮನ್ನು ಬಾಗಿಲಿಗೇ ಬಂದು ಕರೆದುಕೊಂಡರು. ಅರವತ್ತರ ಹತ್ತಿರದ ವಯಸ್ಸು, ಎತ್ತರದ ಹೆಂಗಸು, ಕತ್ತರಿಸಿದ ಬಿಳಿಕೂದಲು. ಇಂಗ್ಲಿಷಿನಲ್ಲಿ ನಿಧಾನಕ್ಕೆ, ಪ್ರತಿ ಪದವನ್ನೂ ತೂಗಿ ಮಾತಾಡುವವರು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ನಮ್ಮ ಬಿಟಿಎಂ ಹರಡಿಕೊಂಡಿತ್ತು. ಸುಮಿತ್ರಾ ತನ್ನ ಪಿಜಿ ಹುಡುಕಿ, ಕಂಡೊಡನೆ ಎದ್ದು ಹೋಗಿ ಬೆರಳಿಟ್ಟಳು. ರಸ್ತೆಗಳ ಮೇಲೆ ಸಾಸಿವೆ ಕಾಳಿನಷ್ಟು ಚುಕ್ಕೆಗಳು ಓಡಾಡುತ್ತಿದ್ದವು. ಒಂದೊಂದು ಚುಕ್ಕೆಯೂ ಒಬ್ಬ ಮನುಷ್ಯ. ನಾವಿಬ್ಬರು ಅವನ್ನು ಬೊಂಬೆಗಳು ಎಂದು ಕರೆದೆವು.

ಇಂಗ್ರಿಡ್ ವಿವರಿಸಿದರು. ಅವರು ಓದುವ ಕಾಲದಲ್ಲಿ ಪಟ್ಟಣದ ಓಡಾಟವನ್ನು ಕೊಳಾಯಿಯಲ್ಲಿ ಹರಿಯುವ ನೀರಿನಂತೆ ಲೆಕ್ಕ ಹಾಕುತ್ತಿದ್ದರಂತೆ. ಆದರೆ ನೀರು ಯೋಚಿಸುವುದಿಲ್ಲ, ಮನುಷ್ಯ ಯೋಚಿಸುತ್ತಾನೆ, ಅದೂ ಇನ್ನೊಬ್ಬರನ್ನು ನೋಡಿಕೊಂಡು. ಕೆಲವರು ಬಸ್ಸು ಬಿಟ್ಟು ಬೈಕು ಕೊಳ್ಳುತ್ತಾರೆ. ರಸ್ತೆ ತುಂಬಿ ಬಸ್ಸು ತಡವಾಗುತ್ತದೆ. ಬಸ್ಸು ತಡವಾಯಿತೆಂದು ಇನ್ನಷ್ಟು ಜನ ಬೈಕು ಕೊಳ್ಳುತ್ತಾರೆ. ಆದ್ದರಿಂದ ಪ್ರತಿ ಬೊಂಬೆಗೂ ಒಂದು ಮನೆ, ಒಂದು ಕೆಲಸ, ಕೆಲವು ಅಭ್ಯಾಸ ಕೊಟ್ಟು ಬಿಡುತ್ತಾರೆ. ಊರು ಅದರಷ್ಟಕ್ಕೆ ಅದೇ ಹುಟ್ಟಿಕೊಳ್ಳಬೇಕು.

ಸುಮಿತ್ರಾಳಿಗೆ ಇದು ನನಗಿಂತ ಬೇಗ ತಲೆಗೆ ಹೋಯಿತು. "ಸರಿ ಇದೆ ಅಕ್ಕ. ನಮ್ಮಪ್ಪನ ಕಾಲದಲ್ಲಿ ಆ ಹೊಲಕ್ಕೆ ನಾಲ್ಕೇ ಜನ ಬರ್ತಿದ್ದಿದ್ದು, ನಾಲ್ಕೂ ಜನ ಒಂದೇ ಟೈಮಿಗೆ. ಈಗ ಅದೇ ಜಾಗದಲ್ಲಿ ನಲವತ್ತು ಹುಡುಗೀರು. ನಲವತ್ತು ಟೈಮಿಗೆ ಏಳ್ತಾರೆ, ನಲವತ್ತು ಕಡೆ ಹೋಗ್ತಾರೆ. ಒಬ್ಳು ಗೀಸರ್ ಹಾಕಿದ್ರೆ ಇನ್ನೊಬ್ಳ ಆಫೀಸ್ ಲೇಟು."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಇಂಗ್ರಿಡ್ ಗೀಸರ್ ಮಾತನ್ನು ಬರೆದುಕೊಂಡರು.

ನಮ್ಮೂರಿನ ಬೊಂಬೆಗಳಿಗೆ ಅವರು ಮೊದಲು ಕೊಟ್ಟಿದ್ದ ನಿಯಮ, ಹಸಿರು ದೀಪ ಬಂದರೆ ಮಾತ್ರ ದಾಟು ಎಂಬುದಂತೆ. ಬೊಂಬೆಗಳೆಲ್ಲ ಸಂಜೆಯವರೆಗೂ ರಸ್ತೆಯ ಒಂದೇ ಬದಿಯಲ್ಲಿ ನಿಂತುಬಿಟ್ಟಿದ್ದವು. ಯಾಕೆಂದರೆ ಗ್ಯಾಪ್‌ನಲ್ಲಿ ದೀಪವೇ ಇಲ್ಲ. ಆಗ ಅವರು ಪತ್ರ ಬರೆದು ಕೇಳಿದ್ದರು, ನಾನು ಉತ್ತರಿಸಿದ್ದೆ: ಐದಾರು ಜನ ಸೇರುವವರೆಗೆ ಕಾಯುತ್ತಾರೆ, ಆಮೇಲೆ ಒಬ್ಬರು ಕೈ ಅಡ್ಡ ಹಿಡಿದು ಇಳಿಯುತ್ತಾರೆ, ಉಳಿದವರು ಅವರ ಹಿಂದೆ. ಆ ನಿಯಮ ಹಾಕಿದ ಮೇಲೆ ಎಲ್ಲ ಸರಿಹೋಯಿತು ಎಂದು ಇಂಗ್ರಿಡ್ ತಮ್ಮ ತಂಡದ ಎಲ್ಲರ ಮುಂದೆ ನನಗೆ ಧನ್ಯವಾದ ಹೇಳಿದರು. ಚಪ್ಪಾಳೆ ಬಿತ್ತು.

"ನಾಳೆ ನಿಮಗೆ ಮಳೆಯ ದಿನ ತೋರಿಸುತ್ತೇನೆ" ಎಂದರು. "ಇಡೀ ಮಾದರಿಯಲ್ಲಿ ನಮಗೆ ಬಹಳ ಇಷ್ಟವಾದ ದಿನ ಅದು."

ಮಂಗಳವಾರ

ಮಾರನೆಯ ದಿನ ಕೋಣೆಯಲ್ಲಿ ಇಂಗ್ರಿಡ್, ನಾವಿಬ್ಬರು ಅಷ್ಟೇ ಇದ್ದೆವು. ಪರದೆಯ ಮೇಲೆ ಗುರುವಾರದ ಸಂಜೆ ಓಡಿತು. ಮಳೆ ಶುರುವಾದೊಡನೆ ಚುಕ್ಕೆಗಳು ಮನೆಯೊಳಗೆ, ಆಫೀಸಿನೊಳಗೆ ಉಳಿದವು. ಗ್ಯಾಪ್ ಬರಿದಾಯಿತು. ಪಕ್ಕದ ಗ್ರಾಫಿನಲ್ಲಿ ನನ್ನ ಹಾಳೆಯ ಗೆರೆ, ಮಾದರಿಯ ಗೆರೆ, ಎರಡೂ ಒಂದರ ಮೇಲೊಂದು ಕೂತಿದ್ದವು. ಇದನ್ನು ನೋಡಿಯೇ ಗ್ಯಾಪ್ ಮುಚ್ಚಿದರೆ ತೊಂದರೆಯಿಲ್ಲ ಎಂದು ವರದಿ ಸಿದ್ಧವಾಗಿತ್ತು. ಆ ವಾರದಲ್ಲೇ ಬೆಂಗಳೂರಿಗೆ ಹೋಗುವುದಿತ್ತು.

ಇಂಗ್ರಿಡ್ ಒಂದು ಚುಕ್ಕೆಯನ್ನು ಒತ್ತಿದರು. ಅದರ ವಿವರ ತೆರೆದುಕೊಂಡಿತು: ಹೆಂಗಸು, ಮೂವತ್ತಾರು ವರ್ಷ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ, ಮಡಿವಾಳದಲ್ಲಿ ತರಕಾರಿ ಕೊಂಡು ಮನೆಗೆ.

"ಗ್ಯಾಪ್ ಮುಚ್ಚಿದರೆ ಇವಳು ಸಿಗ್ನಲ್‌ಗೆ ನಡೆದು ಹೋಗುತ್ತಾಳೆ. ನೋಡಿ, ಕೆಲವೇ ನಿಮಿಷ ಹೆಚ್ಚು" ಎಂದರು.

ಚುಕ್ಕೆ ಇಳಿಜಾರಿನಲ್ಲಿ ನಡೆಯಿತು. ನಾನು ಕಂಡಿದ್ದ ಆ ಮೊಣಕಾಲುದ್ದ ನೀರಿನೊಳಗೆ ಸುಮ್ಮನೆ ನಡೆದು ಹೋಯಿತು.

"ಅದು ಸುಳ್ಳು" ಎಂದೆ. ನನಗೇ ಕೇಳುವಷ್ಟು ಜೋರಾಗಿ ಹೇಳಿದ್ದೆನೋ ಇಲ್ಲವೋ ಗೊತ್ತಾಗಲಿಲ್ಲ. ಮತ್ತೆ ಹೇಳಿದೆ. "ಆ ದಿನ ನಾನು ಎಣಿಸಲಿಲ್ಲ. ಬೇಕರಿಯಲ್ಲಿ ನಿಂತಿದ್ದೆ. ಮರುದಿನ ಮನೆಯಲ್ಲಿ ಕೂತು ಬರೆದೆ."

ಇಂಗ್ರಿಡ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ವೈದ್ಯರು ರೋಗಿಯನ್ನು ಕೇಳುವ ಹಾಗೆ ಕೇಳಿದರು. ಎಷ್ಟು ಹೊತ್ತು? ಒಂದೂವರೆ ಗಂಟೆ. ಯಾವ ಹಾಳೆಗಳು? ಆರನೆಯದರ ಅರ್ಧದಿಂದ ಕೊನೆಯವರೆಗೆ. ಬೇರೆ ದಿನ? ಬೇರೆ ಯಾವ ದಿನವೂ ಇಲ್ಲ.

ಆಗ ಸುಮಿತ್ರಾ ಎದ್ದು ನಿಂತಳು. ಬಾಯಿ ಬಿಡಬೇಡಿ ಎಂದು ಎರಡು ದಿನದಿಂದ ಹೇಳುತ್ತಿದ್ದವಳು, ತನಗೆ ಬರುವ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು: "ಮೀ ಆಲ್ಸೋ ಮೇಡಂ. ಬನ್ ಈಟಿಂಗ್."

ಇಂಗ್ರಿಡ್ ನಗಲಿಲ್ಲ. ಎದ್ದು ಹೊರಗೆ ಹೋದರು. ಬಾಗಿಲು ಮುಚ್ಚಿಕೊಂಡಿತು.

"ನಾನೂ ಜೊತೇಲಿದ್ದೆ ಅಂತ ಯಾಕೆ ಹೇಳ್ಲಿಲ್ಲ ನೀವು?" ಎಂದು ಸುಮಿತ್ರಾ ನನ್ನ ಮೇಲೆ ರೇಗಿದಳು. "ಎಲ್ಲಾ ನಿಮ್ಮ ತಲೆ ಮೇಲೇ ಹಾಕ್ಕೊಳ್ತೀರಾ? ನಾನೇನು ಬೇರೆಯವ್ಳಾ?"

ನನಗೆ ಅಳು ಬಂತು. ಅವಳು ತನ್ನ ಸೆರಗಿನಲ್ಲಿ ನನ್ನ ಕಣ್ಣೊರೆಸಿ, ತಾನೂ ಅತ್ತಳು. ಎಷ್ಟು ಹೊತ್ತು ಹಾಗೆ ಕೂತೆವೋ. ಕಿಟಕಿಯ ಹೊರಗೆ ಟ್ರಾಮುಗಳು ಹೋಗುತ್ತಿದ್ದವು. ನಾಳೆಯ ವಿಮಾನಕ್ಕೆ ಹತ್ತಿಸಿ ಕಳಿಸುತ್ತಾರೆ, ಅಪಾರ್ಟ್‌ಮೆಂಟಿನವರಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ.

ಇಂಗ್ರಿಡ್ ತಮ್ಮ ಜೊತೆಗೆ ಕೆಲಸ ಮಾಡುವ ಮೂವರನ್ನು ಕರೆದುಕೊಂಡು ವಾಪಸು ಬಂದರು.

"ನನಗೆ ಸಿಟ್ಟು ಬಂದಿದೆ" ಎಂದರು. "ನೀವು ನಿನ್ನೆ ಹೇಳಿದ್ದರೆ ಒಂದು ದಿನ ಕಡಿಮೆ ಸಿಟ್ಟು ಬರುತ್ತಿತ್ತು. ಆದರೆ ನನ್ನ ಮೇಲೂ ಸಿಟ್ಟಿದೆ. ಆರು ತಿಂಗಳಿಂದ ಆ ದಿನವನ್ನು ಎಲ್ಲರಿಗೂ ತೋರಿಸಿ ಹೊಗಳಿಕೊಂಡಿದ್ದೇನೆ. ಮಳೆ ಬಂದರೆ ಜನ ಕಡಿಮೆಯಾಗುತ್ತಾರೆ ಎಂದು ನಾನು ಇಲ್ಲಿ ಕೂತು ಊಹಿಸಿದೆ, ನೀವು ಅಲ್ಲಿ ಕೂತು ಊಹಿಸಿದಿರಿ. ಎರಡು ಊಹೆ ಹೊಂದಿಕೊಂಡಿತು. ಅದನ್ನು ನಾನು ಸತ್ಯ ಅಂದುಕೊಂಡೆ. ಈಗ ಹೇಳಿ, ನಿಜವಾಗಿ ಏನಾಗುತ್ತದೆ?"

ಬುಧವಾರ

ಮಂಗಳವಾರದ ಉಳಿದ ಹೊತ್ತು, ಬುಧವಾರ ಇಡೀ ದಿನ, ಆ ಕೋಣೆಯಲ್ಲಿ ಮಾತಾಡಿದ್ದು ಸುಮಿತ್ರಾ. ನನ್ನದು ಬರೀ ತರ್ಜುಮೆಯ ಕೆಲಸ. ಅವಳು ಮಾರ್ಕರ್ ಪೆನ್ನು ಹಿಡಿದು ಬಿಳಿ ಹಲಗೆಯ ಮೇಲೆ ತನ್ನ ಅಪ್ಪನ ಹೊಲ, ಅದರ ಬದು, ಕೆರೆಗೆ ನೀರು ಹೋಗುತ್ತಿದ್ದ ಕಾಲುವೆ, ಈಗ ಅದರ ಮೇಲೆ ಬಂದಿರುವ ಕಟ್ಟಡಗಳು ಎಲ್ಲವನ್ನೂ ಬರೆದಳು. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ನೀರು ನಿಂತಾಗ ಆಟೋದವರು ಯಾವ ಅಡ್ಡರಸ್ತೆಗೆ ತಿರುಗುತ್ತಾರೆ, ಆ ಅಡ್ಡರಸ್ತೆ ತುಂಬಿದಾಗ ಡೆಲಿವರಿ ಹುಡುಗರು ಯಾವ ಫುಟ್‌ಪಾತ್ ಹತ್ತುತ್ತಾರೆ, ಆಗ ನಡೆಯುವವರು ಎಲ್ಲಿಗೆ ಇಳಿಯುತ್ತಾರೆ. ಅವರ ಮಾದರಿಯಲ್ಲಿ ಮನೆ ಇತ್ತು, ಬಸ್ಸು ಇತ್ತು, ಅಂಗಡಿ ಇತ್ತು, ಮಳೆಯೂ ಇತ್ತು. ನೆಲದ ಏರಿಳಿತ ಇರಲಿಲ್ಲ.

"ಇವ್ರ ನೆಲ ಸ್ಲೇಟ್ ಥರ ಸಪಾಟಾಗಿದೆ ಅಕ್ಕ. ನೀರು ಎಲ್ಲಿಗೆ ಹೋಗ್ಬೇಕು ಪಾಪ?" ಎಂದಳು.

ಅವಳು ಹೇಳಿದ ಒಂದು ರಸ್ತೆಯನ್ನು ಅವರು ಮಳೆ ಬಂದಾಗ ಮುಚ್ಚಿಹೋಗುವಂತೆ ಮಾಡಿ ಮತ್ತೆ ಓಡಿಸಿದರು. ಸಿಗ್ನಲ್ ಕಡೆ ಹೊರಟಿದ್ದ ಚುಕ್ಕೆಗಳು ಅರ್ಧದಾರಿಯಲ್ಲಿ ನಿಂತವು, ತಿರುಗಿದವು, ಗ್ಯಾಪ್ ಬಳಿ ಬಂದು ಕಪ್ಪಗೆ ಮುತ್ತಿಕೊಂಡವು. ಇಂಗ್ರಿಡ್ ಅವರ ಸಹೋದ್ಯೋಗಿಯೊಬ್ಬರು ತಮ್ಮ ಭಾಷೆಯಲ್ಲಿ ಏನೋ ಒಂದೇ ಪದ ಹೇಳಿದರು. ಸಖತ್ ಎಂಬ ಅರ್ಥವೇ ಇರಬೇಕು.

ಇಷ್ಟಾದರೂ ಇಂಗ್ರಿಡ್ ನನ್ನನ್ನು ಸುಮ್ಮನೆ ಬಿಡಲಿಲ್ಲ. ಏನಾಯಿತೆಂದು ನನ್ನ ಕೈಯಲ್ಲೇ ಒಂದು ಪುಟ ಬರೆಸಿದರು. ಅದು ವರದಿಯ ಜೊತೆಗೆ ಸೇರುತ್ತದೆ, ನಿಮ್ಮ ಹೆಸರಿನಲ್ಲಿಯೇ ಇರುತ್ತದೆ ಎಂದರು. ಸುಮಿತ್ರಾ ಕೆಳಗೆ ತನ್ನ ಸಹಿಯನ್ನೂ ಹಾಕಿದಳು, ಕನ್ನಡದಲ್ಲಿ. ಆ ಗ್ಯಾಪ್ ಬಗ್ಗೆ ಈಗ ಏನೂ ಹೇಳಲಾಗುವುದಿಲ್ಲ, ಮತ್ತೆ ಎಣಿಸುವವರೆಗೆ ಮುಚ್ಚಬೇಡಿ ಎಂದು ಬೆಂಗಳೂರಿಗೆ ಪತ್ರ ಹೋಯಿತು.

"ಮತ್ತೆ ಎಣಿಸುವುದು ಯಾರು?" ಎಂದು ಕೇಳಿದೆ. ಬೇರೆಯವರನ್ನು ಹುಡುಕುತ್ತಾರೆ ಎಂದೇ ಅಂದುಕೊಂಡಿದ್ದೆ.

ಇಂಗ್ರಿಡ್ ನನ್ನನ್ನು ದಿಟ್ಟಿಸಿದರು. "ಇನ್ನು ಮುಂದೆ ನಿಮಗಿಂತ ಸರಿಯಾಗಿ ಯಾರು ಎಣಿಸುತ್ತಾರೆ?"

ಅರಮನೆ ನೋಡದೆ

ಗುರುವಾರ ಸಂಜೆ ವಿಮಾನ. ಬೆಳಿಗ್ಗೆ ಆ ಊರಿನ ದೊಡ್ಡ ಅರಮನೆ ನೋಡುವುದೆಂದು ಸುಮಿತ್ರಾ ತೀರ್ಮಾನ ಮಾಡಿದ್ದಳು. ದಾರಿಯಲ್ಲಿ ಒಂದು ಪಾರ್ಕು ಸಿಕ್ಕಿತು. ಐದು ನಿಮಿಷ ಕೂರೋಣ ಎಂದು ಬಿಸಿಲಿನಲ್ಲಿ ಬೆಂಚಿನ ಮೇಲೆ ಕೂತೆ. ಎಚ್ಚರವಾದಾಗ ಬಿಸಿಲು ಬೆಂಚಿನ ಇನ್ನೊಂದು ತುದಿಗೆ ಹೋಗಿತ್ತು, ನನ್ನ ಮೇಲೆ ಸುಮಿತ್ರಾಳ ಶಾಲು ಇತ್ತು.

"ಎರಡೂವರೆ ಗಂಟೆ ಮಲಗಿದ್ರಿ. ಗೊರಕೆ ಬೇರೆ" ಎಂದಳು.

"ಎಬ್ಬಿಸೋದಲ್ವೇನೇ? ಅರಮನೆ?"

"ಮೈಸೂರಿನದು ನೋಡಿದ್ದೀನಿ ಬಿಡಿ. ನೀವು ಹಿಂಗೆ ನಿದ್ದೆ ಮಾಡಿದ್ದು ನೋಡಿ ಎಷ್ಟು ದಿನ ಆಗಿತ್ತು."

ಬೆಂಗಳೂರಿನಲ್ಲಿ

ಮುಂದಿನ ಮಳೆಗಾಲದಲ್ಲಿ ಮಳೆ ಬಂದ ನಾಲ್ಕು ಸಂಜೆ ಎಣಿಸಿದೆವು. ಇಬ್ಬರು ಕೊಡೆ ಹಿಡಿಯುವವರು, ಇಬ್ಬರು ಗೀಟು ಎಳೆಯುವವರು. ಹಾಳೆಗೆ ಪ್ಲಾಸ್ಟಿಕ್ ಹೊದಿಸಿ ಪೆನ್ಸಿಲ್‌ನಲ್ಲಿ ಬರೆದೆವು. ಎರಡನೆಯ ಸಂಜೆ ಹಾಳೆ ಸಾಲದೆ ಹಿಂಬದಿಯಲ್ಲೂ ಬರೆಯಬೇಕಾಯಿತು. ಈ ಸಲ ನಾನು ಒಟ್ಟು ಕೂಡಲಿಲ್ಲ. ಮೊತ್ತ ಕಣ್ಣಿಗೆ ಬಿದ್ದರೆ ನಾಳೆ ಇಷ್ಟಾಗಬೇಕು ಎಂಬ ಆಸೆ ಹುಟ್ಟಿಬಿಡುತ್ತದೆ. ಇದ್ದ ಹಾಗೆಯೇ, ಒದ್ದೆಯಾದ ಕಲೆಗಳ ಸಮೇತ ಫೋಟೊ ತೆಗೆದು ಕಳಿಸಿದೆ.

ಹತ್ತು ದಿನದ ಮೇಲೆ ಇಂಗ್ರಿಡ್ ಅವರ ಉತ್ತರ ಬಂತು. ನಾನು ಸುಮಿತ್ರಾಳ ಮನೆಯ ಜಗಲಿಯಲ್ಲಿ ಕೂತು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ:

"ಹಾಳೆಗಳು ತಲುಪಿದವು. ಮಳೆಯಲ್ಲಿ ಗ್ಯಾಪ್ ಬಳಿ ಜನ ಹೆಚ್ಚುವುದು ನಿಜ. ಅದನ್ನು ಮುಚ್ಚಬಾರದೆಂದು ವರದಿಯಲ್ಲಿ ಬರೆದಿದ್ದೇವೆ. ಆದರೆ ನಾಲ್ಕು ದಿನದಲ್ಲಿ ಒಂದು ದಿನವೂ ನಿಮ್ಮ ಎಣಿಕೆಗೂ ನಮ್ಮ ಹೊಸ ಮಾದರಿಗೂ ತಾಳೆಯಾಗುತ್ತಿಲ್ಲ. ಯಾಕೆಂದು ಯಾರಿಗೂ ಗೊತ್ತಿಲ್ಲ. ಎಲ್ಲರೂ ಬಹಳ ಸಂತೋಷವಾಗಿದ್ದೇವೆ."

ಸುಮಿತ್ರಾ ಮತ್ತೊಮ್ಮೆ ಓದಿಸಿದಳು. ಒಂದು ದಿನವೂ ತಾಳೆಯಾಗಿಲ್ಲ ಎಂಬಲ್ಲಿಗೆ ಬಂದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೇಲಿನ ಮಹಡಿಯಿಂದ ಪಿಜಿಯ ಹುಡುಗಿಯೊಬ್ಬಳು ಬಗ್ಗಿ ನೋಡಿ, "ಆಂಟಿ, ಏನಾಯ್ತು?" ಎಂದು ಕೇಳಿದಳು.

"ಏನಿಲ್ಲ ಕಣಮ್ಮ" ಎಂದಳು ಸುಮಿತ್ರಾ, ಕಣ್ಣೊರೆಸಿಕೊಂಡು. "ಲೆಕ್ಕ ತಪ್ಪಾಗಿದೆ. ಈ ಸಲ ನಮ್ಮದಲ್ಲ."